ಹೊಸ ಟ್ರೇಲರ್‌ಗೆ ಟೈರ್: 7.50-16 ಸಾಕಾ, 9.00-16ಕ್ಕೆ ಪಟ್ಟು ಹಿಡಿಯಬೇಕಾ?

ಹೊಸಮಣ್ಣು (ಪ್ರಶ್ನೆ)
ಹೊಸನಗರ ಕಡೆಯ ತೋಟಕ್ಕೆ ಎರಡು ಚಕ್ರದ ಟಿಪ್ಪಿಂಗ್ ಟ್ರೇಲರ್ ಮಾಡಿಸೋದಿದೆ. ಟ್ರ್ಯಾಕ್ಟರ್ 45 ಎಚ್‌ಪಿ. ಬಾಡಿ 10 ಅಡಿ ಉದ್ದ, 6 ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅಡಿಕೆ ಗೊನೆ, ಗೊಬ್ಬರ, ಬೇಸಿಗೆಯಲ್ಲಿ ತೋಟಕ್ಕೆ ಮಣ್ಣು, ಆಗೀಗ ಜಂಬಿಟ್ಟಿಗೆ ಹೇರಬೇಕು. ವರ್ಕ್‌ಶಾಪ್‌ನವರು ಕೊಟೇಶನ್‌ನಲ್ಲಿ "ಟೈರ್ ಸಹಿತ" ಅಂತಷ್ಟೇ ಬರೆದಿದ್ದಾರೆ, ಬಾಯಲ್ಲಿ ಹೇಳಿದ್ದು 7.50-16 (ಅಂದ್ರೆ ಏಳೂವರೆ ಇಂಚು ಅಗಲ, 16 ಇಂಚಿನ ರಿಮ್). 9.00-16 ಬೇಕು ಅಂದ್ರೆ ಮೇಲೆ ದುಡ್ಡು ಕೇಳ್ತಾರೆ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ಏನು ಕೇಳಬೇಕು, ಹೇಗೆ ಕೇಳಬೇಕು?

ಗ್ರೀಸ್‌ಗನ್
ಮೊದಲು ಭಾರದ ಲೆಕ್ಕ ಹಾಕಿ. ಚೌಕಾಸಿಗೆ ಅದಕ್ಕಿಂತ ಗಟ್ಟಿ ಆಧಾರ ಇಲ್ಲ.

ನಿಮ್ಮ ಬಾಡಿ 90 ಘನ ಅಡಿ. ಹಸಿ ಮಣ್ಣು ಅಂಚಿನವರೆಗೆ ತುಂಬಿದರೆ 4 ಟನ್ ದಾಟುತ್ತದೆ, 4.2 ಅಂತಿಟ್ಟುಕೊಳ್ಳಿ. ಟ್ರೇಲರ್‌ನ ಸ್ವಂತ ತೂಕ 1.3 ಟನ್ ಹಿಡಿದರೆ ಒಟ್ಟು 5.5. ಅದರಲ್ಲಿ ಶೇಕಡ 15ರಷ್ಟು ಹಿಚ್ (ಟ್ರ್ಯಾಕ್ಟರ್‌ಗೆ ಸಿಕ್ಕಿಸುವ ಕೊಂಡಿ) ಮೇಲೆ ಹೋದರೂ ಆಕ್ಸಲ್‌ಗೆ ಸುಮಾರು 4.7 ಟನ್ ಉಳಿಯಿತು, ಒಂದೊಂದು ಚಕ್ರಕ್ಕೆ 2.35 ಟನ್.

ಇನ್ನು ಟೈರಿನ ಪಕ್ಕದಲ್ಲಿರುವ ಲೋಡ್ ಇಂಡೆಕ್ಸ್ ಓದಿ, ಆ ಟೈರ್ ಎಷ್ಟು ಭಾರ ಹೊರುತ್ತದೆ ಅನ್ನೋದರ ಸಂಕೇತ ಅದು. 122 ಅಂದರೆ 1500 ಕೆ.ಜಿ., 130 ಅಂದರೆ 1900, 138 ಅಂದರೆ 2360, 140 ಅಂದರೆ 2500. 122/118 ಹೀಗೆ ಎರಡು ಸಂಖ್ಯೆ ಇದ್ದರೆ ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಜೋಡಿ ಚಕ್ರಕ್ಕೆ. ಪಕ್ಕದ ಅಕ್ಷರ ವೇಗದ್ದು: ಎ6 ಇದ್ದರೆ ಗಂಟೆಗೆ 30 ಕಿ.ಮೀ., ಎ8 ಇದ್ದರೆ 40. ಲೈಟ್ ಟ್ರಕ್ ಟೈರ್ ಆದರೆ ನಿಧಾನ ಓಟಕ್ಕೆ ಕಂಪನಿಯವರೇ ಸ್ವಲ್ಪ ಹೆಚ್ಚು ಭಾರ ಒಪ್ಪುತ್ತಾರೆ, ಆದರೆ ಎಷ್ಟು ಅನ್ನೋದನ್ನ ಅವರ ಪಟ್ಟಿಯಲ್ಲೇ ನೋಡಬೇಕು, ವರ್ಕ್‌ಶಾಪ್‌ನವರ ಬಾಯಿಮಾತಲ್ಲಿ ಅಲ್ಲ. ಅವರು ಹೇಳಿದ 7.50-16ರ ಮೇಲೆ 122 ಅಂತಿದ್ದು, ಅದಕ್ಕೆ 2.35 ಟನ್ ಹೇರಿದರೆ ಪಕ್ಕದ ಗೋಡೆ ಬಗ್ಗಿ ಬಗ್ಗಿ ಒಳಗೇ ಕಾಯುತ್ತದೆ, ಪದರ ಬಿಡುತ್ತದೆ. ಹೊರಗೆ ಗುಳ್ಳೆ ಎದ್ದು ಕಾಣುವ ಹೊತ್ತಿಗೆ ಟೈರ್ ಕಥೆ ಮುಗಿದಿರುತ್ತದೆ.

ಇನ್ನೊಂದು, "16 ಪ್ಲೈ" ಅಂದರೆ ಒಳಗೆ 16 ಪದರ ಇದೆ ಅಂತಲ್ಲ, ಬಲದ ದರ್ಜೆ ಅಷ್ಟೇ. ಹಾಗಾಗಿ ಬರೀ ಪ್ಲೈ ಕೇಳಿ ಸುಮ್ಮನಾಗಬೇಡಿ.

ಸಾಗರ_ಸ್ಟೆಪ್ನಿ
ಲೆಕ್ಕ ಸರಿ. ಈಗ ವ್ಯವಹಾರ. "ಒಳ್ಳೆ ಟೈರ್ ಹಾಕಿ ಕೊಡಿ" ಅನ್ನೋ ಮಾತಿಗೆ ಬೆಲೆ ಇಲ್ಲ. ಎರಡು ಕೊಟೇಶನ್ ಕೇಳಿ, ಒಂದು ಟೈರ್ ಸಹಿತ, ಇನ್ನೊಂದು ಟೈರ್ ಇಲ್ಲದೆ ಬರೀ ಡಿಸ್ಕ್ (ಟೈರ್ ಕೂರುವ ಕಬ್ಬಿಣದ ಚಕ್ರ) ಜೊತೆ. ಎರಡರ ವ್ಯತ್ಯಾಸವೇ ಅವರು ಟೈರಿಗೆ ಹಿಡಿದಿರುವ ದುಡ್ಡು. ಅದೇ ಸೈಜು, ಅದೇ ಪ್ಲೈ, ಟ್ಯೂಬು, ಫ್ಲ್ಯಾಪು (ಟ್ಯೂಬಿಗೂ ಡಿಸ್ಕಿಗೂ ನಡುವಿನ ರಬ್ಬರ್ ಪಟ್ಟಿ) ಸೇರಿಸಿ ಶಿವಮೊಗ್ಗದಲ್ಲಿ ಎರಡು ಅಂಗಡಿಯಲ್ಲಿ ರೇಟ್ ಕೇಳಿ. ಹೊಸ ಟೈರಿನ ರೇಟಿಗಿಂತ ಆ ವ್ಯತ್ಯಾಸ ತೀರಾ ಕಡಿಮೆ ಇದ್ದರೆ ಅವರ ಮನಸ್ಸಲ್ಲಿ ಇರೋದು ರೀಸೋಲ್ (ಸವೆದ ಟೈರಿನ ಮೇಲೆ ಹೊಸ ರಬ್ಬರ್ ಕೂರಿಸಿದ್ದು) ಅಥವಾ ಓಡಿದ ಟೈರ್. ಜಾಸ್ತಿ ಇದ್ದರೆ ಟೈರ್ ನೀವೇ ತಂದು ಹಾಕಿಸಿ. ಬಿಲ್ ನಿಮ್ಮ ಹೆಸರಲ್ಲಿ, ಸೀರಿಯಲ್ ನಂಬರ್ ಸಹಿತ ಇರಲಿ, ನಾಳೆ ಕ್ಲೇಮ್ ಮಾಡಬೇಕಾದರೆ ಅದೇ ಬೇಕಾಗುತ್ತದೆ.

ಅಡ್ವಾನ್ಸ್ ರಸೀದಿಯಲ್ಲಿ ಬ್ರ್ಯಾಂಡ್, ಸೈಜ್, ಪ್ಲೈ, ಲೋಡ್ ಇಂಡೆಕ್ಸ್, "ಹೊಸದು, ರೀಸೋಲ್ ಅಲ್ಲ", ತಯಾರಾಗಿ 6 ತಿಂಗಳೊಳಗಿನದು ಅಂತ ಬರೆಸಿ. ದುಡ್ಡು ಕೊಟ್ಟ ಮೇಲೆ ಕೇಳಿದರೆ ಕ್ಯಾಟಲಾಗಿನ ಚಿತ್ರ ತೋರಿಸ್ತಾರೆ ಅಷ್ಟೇ. ಹಾಗೇ ನೋಂದಣಿಯ ಫಾರ್ಮ್ 20ರಲ್ಲಿ ಟೈರಿನ ಸಂಖ್ಯೆ, ಸೈಜ್, ಪ್ಲೈ ತುಂಬಬೇಕು. ಶಿವಮೊಗ್ಗ ಕೆಎ-14 ಆಗಲಿ, ಸಾಗರ ಕೆಎ-15 ಆಗಲಿ, ಕಾಗದದಲ್ಲಿರೋದೂ ಚಕ್ರದಲ್ಲಿರೋದೂ ಒಂದೇ ಆಗಿರಬೇಕು. ಈ ಮಾತು ಎತ್ತಿದರೆ ವರ್ಕ್‌ಶಾಪ್‌ನವರು ಸ್ವಲ್ಪ ಗಂಭೀರವಾಗ್ತಾರೆ.

ಕೆಸರುಗದ್ದೆ
ಬರೀ ಟೈರ್ ದೊಡ್ಡದು ಮಾಡಿದರೆ ಆಯ್ತು ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ. 9.00ಕ್ಕೆ ಡಿಸ್ಕ್ ಅಗಲ ಬೇರೆ, 7.50ರ ಡಿಸ್ಕಿಗೆ ಹಾಕೋ ಹಾಗಿಲ್ಲ. ಆಕ್ಸಲ್, ಹಬ್ ಬೇರಿಂಗು ಅದೇ ಹಗುರದ್ದು ಇದ್ದರೆ ಭಾರ ಟೈರಿಂದ ತಪ್ಪಿ ಬೇರಿಂಗಿನ ತಲೆಗೆ ಬರುತ್ತದೆ. ಹಳೇ ಲಾರಿ ಆಕ್ಸಲ್ ಕತ್ತರಿಸಿ ಹಾಕೋದೂ ಉಂಟು, ಹೊಸದೋ ಹಳೇದೋ ಅಂತ ಕೇಳಿ ಬರೆಸಿ. ಬಾಡಿ ಸುಮಾರು ಒಂದೂವರೆ ಇಂಚು ಮೇಲೇಳುತ್ತದೆ, ಮುಂದಿನ ಹಿಚ್ ಎತ್ತರ ಅದಕ್ಕೆ ಹೊಂದಿಸದಿದ್ದರೆ ಮೂಗು ತಗ್ಗಿ ಟ್ರ್ಯಾಕ್ಟರ್ ಹಿಂಭಾಗದ ಮೇಲೆ ಭಾರ ಕೂರುತ್ತದೆ. ಟೈರ್ ಮತ್ತು ಬಾಡಿ ನಡುವೆ ಎರಡು ಬೆರಳು ಜಾಗ ಸಾಲದು, ಕೆಸರು ಮೆತ್ತಿಕೊಂಡು ಉಜ್ಜುತ್ತದೆ.

ಆದರೂ ನಮ್ಮ ಕಡೆಗೆ 9.00 ಒಳ್ಳೇದೇ. ಅಗಲ ಇರೋದರಿಂದ ಗದ್ದೆ ಅಂಚಲ್ಲಿ, ತೋಟದ ಅಗಳು ದಾಟುವಲ್ಲಿ ಹೂತುಕೊಳ್ಳೋದು ಕಡಿಮೆ. ಹೂವು (ಟೈರ್ ನೆಲ ಮುಟ್ಟುವಲ್ಲಿನ ಅಚ್ಚು) ಮಾತ್ರ ಉದ್ದ ಗೆರೆಯದ್ದೇ ತಗೊಳ್ಳಿ. ಟ್ರೇಲರ್ ಚಕ್ರ ಎಳೆಸಿಕೊಳ್ಳೋದೇ ಹೊರತು ತಳ್ಳೋದಿಲ್ಲ, ಟ್ರ್ಯಾಕ್ಟರ್ ಹಿಂದಿನ ಚಕ್ರದ ಥರ ದಪ್ಪ ಕಟ್ಟೆ ಹೂವಿಗೆ ದುಡ್ಡು ದಂಡ. ಕಲ್ಲು ಕೂಳೆ ಇರೋ ದಾರಿಗೆ ನೈಲಾನ್ ಟೈರ್ ಸಾಕು. ಒಂದು ಕಡೆ ನೈಲಾನ್ ಇನ್ನೊಂದು ಕಡೆ ರೇಡಿಯಲ್ ಹಾಕಿಸಬೇಡಿ.

ಹೊಸಮಣ್ಣು
ಉಪಕಾರ ಆಯ್ತು. 9.00-16 ತಗೊಂಡರೆ ಸ್ಟೆಪ್ನಿಗೆ ರೀಸೋಲ್ ಟೈರ್ ಫ್ರೀ ಕೊಡ್ತೀವಿ ಅಂತಿದ್ದಾರೆ ವರ್ಕ್‌ಶಾಪ್‌ನವರು, ಒಪ್ಪಬಹುದಾ? ಡೆಲಿವರಿ ದಿನ ಏನೇನು ನೋಡಬೇಕು?

ಗ್ರೀಸ್‌ಗನ್
ಸ್ಟೆಪ್ನಿಗೆ ರೀಸೋಲ್ ಒಪ್ಪಬಹುದು, ಆದರೆ ಅದೇ ಸೈಜಿಂದು, ಡಿಸ್ಕ್ ಸಮೇತ. ಬರೀ ಟೈರ್ ಕೊಟ್ಟರೆ ರಸ್ತೆಯಲ್ಲಿ ಅದಕ್ಕೆ ಮಾಡೋದೇನು? ನಿಜವಾಗಿ ಆ ರೀಸೋಲ್‌ಗಿಂತ ಖಾಲಿ ಡಿಸ್ಕ್ ಕೇಳೋದೇ ಲಾಭ.

ಡೆಲಿವರಿ ದಿನ ಟೈರ್ ಒರೆಸಿ ನೋಡಿ, ಕಪ್ಪು ಪಾಲಿಶ್ ಕೆಳಗೆ ಬಿರುಕು ಅಡಗಿರುತ್ತದೆ. ತಾರೀಖಿನ ನಾಲ್ಕು ಅಂಕಿ ಒಂದು ಪಕ್ಕದಲ್ಲೇ ಇರಬಹುದು, ಒಳಪಕ್ಕಕ್ಕೂ ಬಗ್ಗಿ. 1425 ಅಂದರೆ 2025ರ 14ನೇ ವಾರ. ಹೂವು ಮತ್ತು ಪಕ್ಕದ ಗೋಡೆ ಸೇರುವಲ್ಲಿ ಸುತ್ತಲೂ ಉಜ್ಜಿದ ಗುರುತೋ ಜೋಡಣೆಯ ಗೆರೆಯೋ ಕಂಡರೆ ರೀಸೋಲ್. ಟ್ಯೂಬ್, ಫ್ಲ್ಯಾಪ್ ಹೊಸದಾ ಅಂತ ಕೂರಿಸೋ ಮೊದಲೇ ನೋಡಬೇಕು, ಕೂರಿಸಿದ ಮೇಲೆ ಗೊತ್ತಾಗೋದಿಲ್ಲ. ಜ್ಯಾಕ್ ಕೊಟ್ಟು ಚಕ್ರ ಅಲ್ಲಾಡಿಸಿ, ಆಟ ಇದ್ದರೆ ಬೇರಿಂಗ್ ಬಿಗಿ ಮಾಡಿಸಿ.

ಲಾಕ್ ರಿಂಗ್ ಡಿಸ್ಕ್ (ಟೈರನ್ನ ಹಿಡಿದಿಡೋ ಬಿಡಿ ಬಳೆ ಇರೋದು) ಆದರೆ ಗಾಳಿ ತುಂಬುವಾಗ ರಿಂಗಿನ ಎದುರು ಯಾರೂ ನಿಲ್ಲಬಾರದು. ಗಾಳಿ ಇರುವಾಗ ಸುತ್ತಿಗೆ ಹೊಡೆದು ರಿಂಗ್ ಕೂರಿಸೋದು ಜೀವಕ್ಕೆ ಅಪಾಯ, ಪಂಕ್ಚರ್ ಅಂಗಡಿಯವರು ಮಾಡಿದರೂ ಬೇಡ ಅನ್ನಿ. ಮೊದಲ ಲೋಡ್ ಇಳಿಸಿದ ಮೇಲೆ ನಟ್‌ಗಳನ್ನ ಮತ್ತೊಮ್ಮೆ ಬಿಗಿ ಮಾಡಿ. ಮಳೆಗಾಲ ಪೂರ್ತಿ ಟ್ರೇಲರ್ ಕೊಟ್ಟಿಗೆಯಲ್ಲೇ ನಿಲ್ಲೋದಾದರೆ ಆಕ್ಸಲ್ ಕೆಳಗೆ ಕಲ್ಲು ಕೊಟ್ಟು ಚಕ್ರ ನೆಲ ಬಿಟ್ಟಿರಲಿ.