ಪದಚರ್ಚೆ: ಫ್ಲೆವ್, ರಿವಿಯೇರ್, ಕಮ್ಯೂನ್ – ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೆ,

ಫ್ರಾನ್ಸಿನ ಹೊಳೆದಂಡೆಯ ಊರುಗಳ ಬಗ್ಗೆ ಬರೆಯಲು 'ನದಿ' ಎಂಬ ಒಂದೇ ಮಾತು ಸಾಲುತ್ತಿಲ್ಲ. ಫ್ರೆಂಚಿನಲ್ಲಿ ನದಿಗೆ ಎರಡು ಪದ: ಕಡಲು ಸೇರುವುದು ಫ್ಲೆವ್, ಇನ್ನೊಂದು ನದಿಯನ್ನು ಕೂಡುವುದು ರಿವಿಯೇರ್. ಆಡುಮಾತಿನಲ್ಲಿ ಇದು ಸಡಿಲವಾದರೂ ಭೂಗೋಳದ ಪುಸ್ತಕಗಳು ಬಿಡುವುದಿಲ್ಲ. ಉದ್ದಗಲ ಇಲ್ಲಿ ಲೆಕ್ಕಕ್ಕಿಲ್ಲ. ನಾರ್ಮಂಡಿಯ ವೆಲ್-ಲೆ-ರೋಜ್ ಊರಲ್ಲೇ ಹುಟ್ಟಿ ಅಲ್ಲೇ ಕಡಲಿಗಿಳಿಯುವ ವೆಲ್ ಸುಮಾರು 1.1 ಕಿ.ಮೀ. ಉದ್ದವಿದೆ; ಅದೂ ಫ್ಲೆವ್. 500 ಕಿ.ಮೀ.ಗೂ ಹೆಚ್ಚು ಹರಿದು ಪ್ಯಾರಿಸ್ ಬಳಿ ಸೇನ್ ನದಿಯನ್ನು ಕೂಡುವ ಮಾರ್ನ್ ಮಾತ್ರ ರಿವಿಯೇರ್. ಇದೇ ಅಳತೆಯಲ್ಲಿ ನಮ್ಮ ಶರಾವತಿ ಫ್ಲೆವ್, ತುಂಗಭದ್ರೆ ರಿವಿಯೇರ್. ಆದ್ದರಿಂದ ಫ್ಲೆವ್‌ಗೆ 'ಮಹಾನದಿ' ಎಂದೋ 'ಹೆದ್ದೊರೆ' ಎಂದೋ ಬರೆದರೆ ಅರ್ಥವೇ ಕೆಡುತ್ತದೆ.

ರಿವಿಯೇರ್‌ಗೆ 'ಉಪನದಿ'ಯೂ ಒಪ್ಪುವುದಿಲ್ಲ. ಉಪನದಿ ಎಂದೊಡನೆ 'ಯಾವುದರದ್ದು?' ಎಂಬ ಪ್ರಶ್ನೆ ಏಳುತ್ತದೆ. ಆ ಸಂಬಂಧಕ್ಕೆ ಫ್ರೆಂಚಿನಲ್ಲಿ ಅಫ್ಲುವಾನ್ ಎಂಬ ಬೇರೆ ಪದವಿದೆ. ರಿವಿಯೇರ್ ಅನ್ನು ಬರೀ 'ನದಿ' ಎಂದುಳಿಸಿ, ಫ್ಲೆವ್‌ಗೆ 'ಕಡಲುಹೊಳೆ' ಎನ್ನಬಹುದೆಂದು ನನ್ನ ಸೂಚನೆ.

ಇದಕ್ಕಿಂತ ದೊಡ್ಡ ತೊಡಕು ಲ್ವಾರ್ ಎಂಬ ಎರಡು ನದಿಗಳದು. ಸುಮಾರು 1,000 ಕಿ.ಮೀ. ಹರಿದು ಅಟ್ಲಾಂಟಿಕ್ ಸೇರುವುದು ಲಾ ಲ್ವಾರ್, ಸ್ತ್ರೀಲಿಂಗ. ಆಂಜೆ ಊರಿನ ಹತ್ತಿರ ಸಾರ್ತ್ ನದಿಯಲ್ಲಿ ಕೂಡಿಹೋಗುವುದು ಲು ಲ್ವಾರ್, ಪುಲ್ಲಿಂಗ. ಫ್ರೆಂಚ್ ಬರಹದಲ್ಲಿ ಕೊನೆಯಕ್ಷರ ಬೇರೆ. ಉಚ್ಚಾರ ಒಂದೇ, ಹಾಗಾಗಿ ಕನ್ನಡ ಲಿಪಿಯಲ್ಲಿ ಎರಡೂ ಒಂದಾಗಿಬಿಡುತ್ತವೆ. ನಮಗೆ ನದಿಯ ಹೆಸರಿನ ಹಿಂದೆ 'ಲಾ', 'ಲು'ಗಳಂತೆ ಲಿಂಗ ತೋರುವ ಗುರುತೂ ಇಲ್ಲ. ಊರಿನ ಹೆಸರು ಕೈಹಿಡಿಯುತ್ತದೆ: ಸ್ಯುಲಿ-ಸ್ಯುರ್-ಲ್ವಾರ್ ದೊಡ್ಡದರ ದಂಡೆಯದು, ಲಾ ಶಾರ್ತ್ರ್-ಸ್ಯುರ್-ಲು-ಲ್ವಾರ್ ಚಿಕ್ಕದರದು. ನಡುವಿನ 'ಲು' ಬಿಟ್ಟರೆ ಊರು ಬೇರೆ ನದಿಗೆ ಹೋಗಿ ಕೂರುತ್ತದೆ. 'ಸ್ಯುರ್' ಎಂದರೆ 'ಮೇಲೆ'. ಆದರೆ 'ಲ್ವಾರ್ ಮೇಲಿನ ಸ್ಯುಲಿ' ಎಂದು ಅನುವಾದಿಸಬೇಡಿ, ಹೆಸರನ್ನು ಇಡಿಯಾಗಿ ಉಳಿಸಿ, ವಿವರಿಸುವಾಗ 'ದಂಡೆಯ' ಎನ್ನಿ.

ವಿಯೆನ್ ನದಿ ದೊಡ್ಡ ಲ್ವಾರ್ ಕೂಡುವಲ್ಲಿ ಕಾಂದ್-ಸಾಂ-ಮಾರ್ತಾಂ ಎಂಬ ಊರಿದೆ. 'ಕಾಂದ್' ಫ್ರಾನ್ಸಿನ ಪ್ರಾಚೀನ ಗಾಲಿಷ್ ಭಾಷೆಯ 'ಕೊಂಡಾಟೆ'ಯಿಂದ ಬಂದದ್ದು, ಅರ್ಥ ಸಂಗಮ. ತುಂಗೆ ಭದ್ರೆ ಕೂಡುವ ನಮ್ಮ ಕೂಡಲಿಯ ಹೆಸರೂ ಹೀಗೇ ಹುಟ್ಟಿದ್ದು.

ಕಮ್ಯೂನ್ ಎಂದರೆ ಫ್ರಾನ್ಸಿನ ಅತಿ ಕೆಳಹಂತದ ಆಡಳಿತ ಘಟಕ. ಅದಕ್ಕೆ 'ಗ್ರಾಮ ಪಂಚಾಯಿತಿ' ಎಂದರೆ ಲಿಯೋನ್‌ನಂಥ ಮಹಾನಗರವೂ ಗ್ರಾಮವಾಗುತ್ತದೆ, ಏಕೆಂದರೆ ಅದೂ ಒಂದು ಕಮ್ಯೂನ್. ನಮ್ಮಲ್ಲಿ ಹಲವು ಹಳ್ಳಿಗೆ ಒಂದು ಪಂಚಾಯಿತಿ. ಅಲ್ಲಿ ನೂರು ಜನರೂ ಇಲ್ಲದ ಊರಿಗೂ ಮೇಯರ್, 7 ಸದಸ್ಯರ ಸಭೆ. ಕಮ್ಯೂನ್ ಎಂದೇ ಇಟ್ಟು, ಮೊದಲ ಸಲ ಬಂದಾಗ 'ಊರಾಡಳಿತ' ಎಂದು ಸೇರಿಸಿ, ಜನಸಂಖ್ಯೆಯನ್ನೂ ಹೇಳುವುದು ಒಳ್ಳೆಯದು. ಇಲ್ಲವಾದರೆ ಮೇಯರ್ ಎಂದೊಡನೆ ಓದುಗರ ಕಣ್ಣಮುಂದೆ ಮಹಾನಗರ ಪಾಲಿಕೆ ಬಂದು ನಿಲ್ಲುತ್ತದೆ.

ಕರಾವಳಿಯವರಲ್ಲಿ ಒಂದು ಪ್ರಶ್ನೆ: 'ಕಡಲುಹೊಳೆ' ಎಂದರೆ ನಿಮ್ಮ ಕಿವಿಗೆ ಅಳಿವೆಯೋ ಉಪ್ಪುನೀರಿನ ಹಿನ್ನೀರೋ ಎನಿಸುತ್ತದೆಯೇ? ಹಾಗಿದ್ದರೆ ಬೇರೆ ಪದ ಸೂಚಿಸಿ.