71ರ ಅಜ್ಜನಿಗೆ ಮಿಶಿಗನ್‌ನಲ್ಲಿ ಯಾವ ಮೀನಿನ ಲೈಸೆನ್ಸ್?

ತುಂಗಾತೀರ: ನನಗೆ ಈಗ 71 ವರ್ಷ, ನ್ಯೂಜೆರ್ಸಿಯ ಖಾಯಂ ನಿವಾಸಿ. ಅಲ್ಲಿ 70 ತುಂಬಿದ ನಿವಾಸಿಗಳು ಸಿಹಿನೀರಿನಲ್ಲಿ ಗಾಳ ಹಾಕಲು ಲೈಸೆನ್ಸೇ ಬೇಕಿಲ್ಲ. ಈ ಜುಲೈನಲ್ಲಿ ಮಿಶಿಗನ್‌ನ ನೋವೈಯಲ್ಲಿರುವ ಮಗಳ ಮನೆಗೆ ಆರು ವಾರಗಳ ಮಟ್ಟಿಗೆ ಬಂದಿದ್ದೇನೆ. ಕೆನ್ಸಿಂಗ್ಟನ್ ಉದ್ಯಾನದ ಕೆಂಟ್ ಸರೋವರ ಹತ್ತಿರವೇ ಇದ್ದು, ಒಂಬತ್ತು ವರ್ಷದ ಮೊಮ್ಮಗ ಬ್ಲೂಗಿಲ್ ಹಿಡಿಯಲೇಬೇಕೆಂದು ಹಟ ಹಿಡಿದಿದ್ದಾನೆ. ಅಂಗಡಿಯವರು ಮೂರು ದರ ಹೇಳಿದರು: 24 ಗಂಟೆಗೆ 10 ಡಾಲರ್, ಹೊರರಾಜ್ಯದವರಿಗೆ ವರ್ಷಕ್ಕೆ 76, ಹಿರಿಯರಿಗೆ 11. ನಾನು ಹಿರಿಯನೂ ಹೌದು, ಹೊರಗಿನವನೂ ಹೌದು. ವಾರಕ್ಕೆ ಒಂದೋ ಎರಡೋ ಸಲ ಹೋಗುವವನು ಯಾವುದನ್ನು ಕೊಳ್ಳಬೇಕು?

ಶಾನುಭೋಗ: 11 ಡಾಲರಿನ ದರ 65 ತುಂಬಿದ ಮಿಶಿಗನ್ ನಿವಾಸಿಗಳಿಗೆ ಮಾತ್ರ, ಅದನ್ನು ಮರೆತುಬಿಡಿ. ಉಳಿದದ್ದು ಬರೀ ಮಗ್ಗಿ. ಏಳು ಸಲಕ್ಕೆ 70, ಎಂಟಕ್ಕೆ 80; ಎಂಟನೆಯ ಸಲ ಹೋಗುವ ಖಾತ್ರಿಯಿದ್ದರೆ ವರ್ಷದ್ದು, ಇಲ್ಲವಾದರೆ ದಿನದ್ದು. 24 ಗಂಟೆ ಎಂದರೆ ಪಂಚಾಂಗದ ದಿನವಲ್ಲ ಎಂಬುದನ್ನೂ ಗಮನಿಸಿ: ಸಂಜೆ ಐದಕ್ಕೆ ಆರಂಭವಾಗುವಂತೆ ಕೊಂಡರೆ ಆ ಸಂಜೆಯೂ ಮರುದಿನದ ಬೆಳಗೂ ಒಂದೇ ಹತ್ತು ಡಾಲರಿನಲ್ಲಿ ಮುಗಿಯುತ್ತವೆ, ಬೇಸಿಗೆಯಲ್ಲಿ ಮೀನು ಚೆನ್ನಾಗಿ ಕಚ್ಚುವುದೂ ಆ ಎರಡು ಹೊತ್ತಿನಲ್ಲೇ.

ಟ್ರಾಯ್ ಗೌಡ: ‘ನಿವಾಸಿಗಳಿಗೆ ಮಾತ್ರ’ ಎಂದು ಶಾನುಭೋಗರು ಷರಾ ಬರೆದುಬಿಟ್ಟರು. ಆರು ವಾರ ಮಗಳ ಮನೆಯಲ್ಲಿ ಉಂಡು ಮಲಗುವವರು ನಿವಾಸಿಯಲ್ಲದೆ ಮತ್ತೇನು? ಅಳಿಯನ ವಿಳಾಸ ಕೊಟ್ಟು 11 ಡಾಲರಿನದನ್ನೇ ಕೊಳ್ಳಿ, ಕೆರೆಯ ದಂಡೆಯಲ್ಲಿ ಯಾರೂ ಜಾತಕ ಕೇಳುವುದಿಲ್ಲ. ಟೆಕ್ಸಸ್‌ನವರು ಒಕ್ಲಹೋಮಾದ 65 ತುಂಬಿದ ನಿವಾಸಿಗಳಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಕೊಟ್ಟಿದ್ದಾರೆ. ವೃದ್ಧರಿಗೆ ರಿಯಾಯಿತಿ ಎನ್ನುವುದು ಎಲ್ಲೆಡೆಯೂ ಇರುವ ಮರ್ಯಾದೆ.

ಕಟಕಟೆ: ‘ಎಲ್ಲೆಡೆ’ ಎಂದರೆ ಎಲ್ಲಿ, ಗೌಡರೇ? ಫ್ಲಾರಿಡಾದಲ್ಲಿ 65 ತುಂಬಿದ ಸ್ಥಳೀಯರಿಗೆ ಲೈಸೆನ್ಸ್ ಬೇಡ. ಹೊರಗಿನವರು ತೊಂಬತ್ತರ ಮುದುಕರಾದರೂ ಮೂರು ದಿನಕ್ಕೆ 17, ಏಳು ದಿನಕ್ಕೆ 30, ವರ್ಷಕ್ಕೆ 47 ಡಾಲರ್ ತೆರಬೇಕು, ಅದೂ ಸಿಹಿನೀರಿಗೆ ಬೇರೆ, ಉಪ್ಪುನೀರಿಗೆ ಬೇರೆ. ಹೊರರಾಜ್ಯದವರಿಂದ ಹೆಚ್ಚು ಶುಲ್ಕ ಪಡೆಯುವುದು ತಪ್ಪಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1978ರಲ್ಲೇ ಮೊಂಟಾನಾದ ಬಾಲ್ಡ್ವಿನ್ ಪ್ರಕರಣದಲ್ಲಿ ತೀರ್ಪಿತ್ತಿದೆ. ನಿವಾಸಿ ಎಂದರೆ ಇಲ್ಲಿಯೇ ನೆಲೆಸುವ ಉದ್ದೇಶದಿಂದ ಖಾಯಂ ಮನೆ ಮಾಡಿಕೊಂಡವರು. ಹಿಂದಿರುಗುವ ಟಿಕೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಬಂದವರಲ್ಲ. ಹಿರಿಯರೊಬ್ಬರಿಗೆ ಸುಳ್ಳು ಅರ್ಜಿ ತುಂಬುವ ಬುದ್ಧಿ ಹೇಳಿಕೊಡಲು ನಿಮಗೆ ಸಂಕೋಚವಾಗಬೇಕಿತ್ತು.

ಟ್ರಾಯ್ ಗೌಡ: ಮೊಂಟಾನಾದ ಪ್ರಕರಣ ಎಲ್ಕ್ ಜಿಂಕೆಯ ಬೇಟೆಗೆ ಸಂಬಂಧಿಸಿದ್ದು. ಇಲ್ಲಿ ಮಾತು ನಡೆದಿರುವುದು ಅಂಗೈಯಗಲದ ಬ್ಲೂಗಿಲ್ ಬಗ್ಗೆ. ಸೌತ್ ಕ್ಯಾರೊಲೈನಾ ಸಿಗಡಿ ದೋಣಿಗಳಿಗೆ ಸ್ಥಳೀಯರಿಂದ 25, ಹೊರಗಿನವರಿಂದ 2500 ಡಾಲರ್ ಕೇಳಿದಾಗ ಅದೇ ಸುಪ್ರೀಂ ಕೋರ್ಟ್ 1948ರಲ್ಲಿ ಆ ಶುಲ್ಕವನ್ನು ತಳ್ಳಿಹಾಕಿತ್ತು. ಅದನ್ನೇಕೆ ನುಂಗಿಕೊಂಡಿರಿ?

ಕಟಕಟೆ: ಅದು ಹೊಟ್ಟೆಪಾಡಿನ ಕಸುಬು. ಇದು ಹವ್ಯಾಸ.

ಬೆಂಡುಗಾಳ: ಹವ್ಯಾಸವೇ ಆಗಿದ್ದರೆ ಅಜ್ಜನಿಗೆ ಲೈಸೆನ್ಸ್ ಏಕೆ ಬೇಕು ಎಂಬುದೇ ನನಗೆ ತಿಳಿಯುತ್ತಿಲ್ಲ. ಮಿಶಿಗನ್‌ನಲ್ಲಿ 17 ತುಂಬದ ಮಕ್ಕಳಿಗೆ ಲೈಸೆನ್ಸ್ ಬೇಡ. ಕೋಲು ಮೊಮ್ಮಗನ ಕೈಯಲ್ಲಿರಲಿ. ಅಜ್ಜ ಪಕ್ಕದಲ್ಲಿ ಕುಳಿತು ಎರೆಹುಳು ಸಿಕ್ಕಿಸಿ ಕೊಡಲಿ. ಒಂದು ಡಾಲರೂ ಖರ್ಚಿಲ್ಲ.

ಕ್ಯಾಂಟನ್ ಅಕ್ಕ: ದಯವಿಟ್ಟು ಹಾಗೆ ಮಾಡಬೇಡಿ. ಲೈಸೆನ್ಸ್ ಇಲ್ಲದ ಮಗುವಿಗೆ ಸಕ್ರಿಯವಾಗಿ ನೆರವಾಗುವ ವಯಸ್ಕರು ಲೈಸೆನ್ಸ್ ಹೊಂದಿರಬೇಕೆಂದು ಇಲ್ಲಿನ ನಿಯಮವೇ ಹೇಳುತ್ತದೆ. ಹೋದ ಬೇಸಿಗೆಯಲ್ಲಿ ನಮ್ಮ ತಂದೆಯವರು ಮಗಳ ಗಾಳದಿಂದ ಮೀನು ಬಿಡಿಸುತ್ತಿದ್ದಾಗಲೇ ಅಧಿಕಾರಿಯೊಬ್ಬರು ಬಂದು ಅವರ ಲೈಸೆನ್ಸ್ ಕೇಳಿದರು. ಪುಣ್ಯಕ್ಕೆ ಇತ್ತು.

ಬೆಂಡುಗಾಳ: ‘ಸಕ್ರಿಯವಾಗಿ’ ಎಂಬ ಪದವನ್ನು ಓದಿಕೊಳ್ಳಿ. ಎರೆಹುಳು ಸಿಕ್ಕಿಸುವುದು ಮೀನು ಹಿಡಿಯುವುದಲ್ಲ. ತೀರ್ಥಹಳ್ಳಿಯ ಕಡೆ ಅದನ್ನು ನಮ್ಮಜ್ಜಿಯೂ ಮಾಡಿಕೊಡುತ್ತಿದ್ದರು, ಅವರು ಜನ್ಮದಲ್ಲಿ ಗಾಳ ಹಾಕಿದವರಲ್ಲ. ಇನ್ನು ಒಬ್ಬ ಅಧಿಕಾರಿ ಕೇಳಿದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ.

ಕಟಕಟೆ: ಹುಳು ಸಿಕ್ಕಿಸುವುದು ನೆರವಲ್ಲವಾದರೆ ಗಾಳ ಎಸೆದು ಕೊಡುವುದು? ಸುರುಳಿ ಸುತ್ತುವುದು? ಬಲೆಯಲ್ಲಿ ಮೀನನ್ನು ಎತ್ತುವುದು? ನಿಮ್ಮ ಗೆರೆ ಎಲ್ಲಿದೆಯೆಂದು ಮೊದಲು ತೋರಿಸಿ.

ಬೆಂಡುಗಾಳ: ಬಲೆಯ ಮಾತನ್ನು ನಾನು ಎತ್ತಿಯೇ ಇಲ್ಲ. ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವುದಾದರೆ ಯಾರಿಗೆ ಏನು ನಷ್ಟ?

ಕ್ಯಾಂಟನ್ ಅಕ್ಕ: ಬಿಟ್ಟರೂ ಲೈಸೆನ್ಸ್ ಬೇಕು! ಗಾಳ ನೀರಿಗೆ ಬಿದ್ದರೆ ಸಾಕು, ಬುಟ್ಟಿಗೆ ಬೀಳಬೇಕೆಂದಿಲ್ಲ. ಗೊತ್ತಿಲ್ಲದ್ದನ್ನು ಇಷ್ಟು ಧೈರ್ಯವಾಗಿ ಹೇಳುವವರನ್ನು ನಾನು ನೋಡಿರಲಿಲ್ಲ.

ಟ್ರಾಯ್ ಗೌಡ: ‘ಧೈರ್ಯ’ ಒಳ್ಳೆಯ ಮಾತು, ಅಕ್ಕ. ಹತ್ತು ಡಾಲರಿಗಾಗಿ ಮೊಮ್ಮಗನ ಗಾಳ ಮುಟ್ಟಲು ಹೆದರಬೇಕಾದ ರಾಜ್ಯದಲ್ಲಿ ತೆರಿಗೆ ಕಟ್ಟಿಕೊಂಡು ಬದುಕುತ್ತಿದ್ದೇನೆ.

ಶಾನುಭೋಗ: ಹತ್ತು ಡಾಲರ್ ಎಂದರೆ ಹತ್ತೇ ಡಾಲರ್ ಎಂಬುದನ್ನು ಗೌಡರು ಕೊನೆಗೂ ಒಪ್ಪಿದಂತಾಯಿತು. ಖರ್ಚೇ ಬೇಡವೆನ್ನುವವರಿಗೆ ರಾಜ್ಯವೇ ವರ್ಷಕ್ಕೆರಡು ವಾರಾಂತ್ಯ, ಚಳಿಗಾಲದಲ್ಲೊಂದು ಮತ್ತು ಜೂನ್‌ನಲ್ಲೊಂದು, ಒಳಗಿನವರು ಹೊರಗಿನವರೆನ್ನದೆ ಎಲ್ಲರಿಗೂ ಲೈಸೆನ್ಸಿನಿಂದ ಬಿಡುವು ಕೊಡುತ್ತದೆ. ಜುಲೈನಲ್ಲಿ ಬಂದವರಿಗೆ ಅದು ದಾಟಿಹೋಗಿದೆ. ವರ್ಷದ್ದನ್ನು ಕೊಳ್ಳುವವರೂ ತಿಳಿದಿರಲಿ, ಅದು ಕೊಂಡ ದಿನದಿಂದ ಹನ್ನೆರಡು ತಿಂಗಳಲ್ಲ, ಮಾರ್ಚ್ 31ಕ್ಕೆ ಮುಗಿಯುತ್ತದೆ.

ಟ್ರಾಯ್ ಗೌಡ: ನಾನು ಏನನ್ನೂ ಒಪ್ಪಿಲ್ಲ.

ತುಂಗಾತೀರ: ಎಲ್ಲರಿಗೂ ವಂದನೆಗಳು. ಅಳಿಯನ ವಿಳಾಸದ ಉಪಾಯವನ್ನು ಮಗಳೇ ಒಪ್ಪಲಿಲ್ಲ. ನಿನ್ನೆ ಸಂಜೆ ಐದಕ್ಕೆ ಆರಂಭವಾಗುವಂತೆ 10 ಡಾಲರಿನದನ್ನು ಕೊಂಡು ಹೋದೆ. ನಾನು ಗಾಳ ಹಾಕಿದ್ದು ಒಂದೇ ಸಲ. ಉಳಿದ ಹೊತ್ತೆಲ್ಲ ಮೊಮ್ಮಗನ ದಾರದ ಗಂಟು ಬಿಡಿಸುವುದರಲ್ಲಿ ಕಳೆಯಿತು, ಒಮ್ಮೆ ಕೊಕ್ಕೆ ನನ್ನ ತೋಳಿಗೇ ಸಿಕ್ಕಿಕೊಂಡಿತು. ಕತ್ತಲಾಗುವ ಮುನ್ನ ಅವನು ಎರಡು ಬ್ಲೂಗಿಲ್ ಹಿಡಿದು, ಎರಡಕ್ಕೂ ಹೆಸರಿಟ್ಟು, ನೀರಿಗೆ ಬಿಟ್ಟ. ಇಂದು ಬೆಳಗ್ಗೆ ಐದೂವರೆಗೆ ಅವನೇ ನನ್ನನ್ನು ಎಬ್ಬಿಸಿದ. ದೀಪಾವಳಿಗೆ ಮತ್ತೆ ಬರುವ ಅಂದಾಜಿರುವುದರಿಂದ ನಾಳೆ 76ರದನ್ನೇ ಕೊಳ್ಳುತ್ತೇನೆ.

ಶಾನುಭೋಗ: ಆಗ ನಿಮ್ಮ ಖರ್ಚು 86. ಮೊದಲೇ ಕೊಂಡಿದ್ದರೆ ಹತ್ತು ಉಳಿಯುತ್ತಿತ್ತು.

ಬೆಂಡುಗಾಳ: ದಾರದ ಗಂಟು ಬಿಡಿಸುವುದು ‘ಸಕ್ರಿಯ ನೆರವು’ ಹೌದೋ ಅಲ್ಲವೋ? ಕಟಕಟೆಯವರು ಇನ್ನೂ ಉತ್ತರಿಸಿಲ್ಲ.