ಕಡಲ ಬದಿಯ ಶಾಲೆ: ಗೋಡೆ ನಿಂತಿದೆ, ಮಾಡು (ಚಾವಣಿ) ಹಾರಿದೆ. ಏನು ಮಾಡಬೇಕು?

ಕಡಲತಡಿ:
ನಮ್ಮದು ಕುಂದಾಪುರದ ಕಡೆ, ಕಡಲಿಗೆ ತಾಗಿದ ಶಾಲೆ. 2021ರ ತೌಕ್ತೆ ಚಂಡಮಾರುತದ ಗಾಳಿಗೆ ಮೊದಲು ಜಗಲಿಯ ಶೀಟು ಎದ್ದಿತು, ಅದರ ಜೊತೆಗೆ ತರಗತಿಯ ಅರ್ಧ ಮಾಡೂ ಹೋಯಿತು. ಗೋಡೆಯಲ್ಲಿ ಒಂದು ಬಿರುಕೂ ಇಲ್ಲ. ಈಗ ಎರಡು ಹೊಸ ಕೋಣೆ ಕಟ್ಟುತ್ತಿದ್ದೇವೆ. ಗೋಡೆ ದಪ್ಪ ಮಾಡೋಣ ಅಂತಾರೆ ಮೇಸ್ತ್ರಿ. ಸಾಕಾ?

ಸಿವಿಲ್ ಮಾಣಿ:
ಹಾರಿದ್ದು ಮಾಡು, ದುಡ್ಡು ಗೋಡೆಗಾ? ಗಾಳಿ ಶೀಟನ್ನು ಮೇಲಕ್ಕೆ ಎಳೆಯುತ್ತದೆ. ಜಗಲಿಯಲ್ಲಿ ಕೆಳಗಿನಿಂದಲೂ ನೂಕುತ್ತದೆ. ಹಾಗಾಗಿ ಜಗಲಿಯ ಮಾಡನ್ನು ಬೇರೆಯೇ ಮಾಡಿ. ಅದು ಹೋದರೂ ತರಗತಿಯದು ಉಳಿಯಲಿ. ಮುಖ್ಯ ಮಾಡು ನಾಲ್ಕೂ ಕಡೆ ಇಳಿಜಾರಾಗಿದ್ದರೆ ಒಳ್ಳೆಯದು.

ಕಡಲತಡಿ:
ಶೀಟಿನ ಮೇಲೆ ಮರಳು ಚೀಲ ಇಟ್ಟರೆ? ಇಲ್ಲಿ ಎಲ್ಲರೂ ಅದನ್ನೇ ಮಾಡೋದು.

ಸಿವಿಲ್ ಮಾಣಿ:
ಲೆಕ್ಕ ನೋಡಿ. ಕಟ್ಟಡದ ಮೇಲಿನ ಗಾಳಿಯ ಹೊರೆಗಿರುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಮಂಗಳೂರಿಗೆ ಕೊಟ್ಟ ಗಾಳಿಯ ಮೂಲ ವೇಗ ಸೆಕೆಂಡಿಗೆ 39 ಮೀಟರ್. ಅಂದರೆ ಚದರ ಮೀಟರಿಗೆ ಸುಮಾರು 93 ಕೆ.ಜಿ. ಒತ್ತಡ. ಅಂಚು, ಮೂಲೆಗಳಲ್ಲಿ ಎಳೆತ ಇನ್ನೂ ಜಾಸ್ತಿ. ಎಷ್ಟು ಚೀಲ ಹೊರಿಸ್ತೀರಿ? ಚೀಲ ಜಾರಿ ಮಕ್ಕಳ ಮೇಲೆ ಬಿದ್ದರೆ?

ಪೂರ್ವ ಕರಾವಳಿ ಮತ್ತು ಗುಜರಾತಿನಲ್ಲಿ ಶಾಲೆಗೆ ಈ ವೇಗವನ್ನು 1.3ರಿಂದ ಗುಣಿಸಬೇಕು. ಆಗ ಒತ್ತಡ ಸುಮಾರು 1.7 ಪಟ್ಟು ಆಗುತ್ತದೆ. ನಮ್ಮ ಕರಾವಳಿಗೆ ಆ ನಿಯಮ ಇಲ್ಲ. ಆದರೂ ಗಾಳಿಮಳೆಗೆ ಊರಿನವರು ಓಡಿ ಬರೋದು ಶಾಲೆಗೇ ಅಲ್ವಾ? ಆ 1.3ರ ಲೆಕ್ಕವನ್ನೇ ಹಿಡಿಯಿರಿ ಅಂತ ಎಂಜಿನಿಯರಿಗೆ ಹೇಳಿ.

ಬೇಕಾದ್ದು ಹಿಡಿತ. ಶೀಟು ಅಡ್ಡಪಟ್ಟಿಗೆ, ಪಟ್ಟಿ ಟ್ರಸ್ಸಿಗೆ (ಮಾಡು ಹೊರುವ ತ್ರಿಕೋನ ಚೌಕಟ್ಟು), ಟ್ರಸ್ಸು ಗೋಡೆಯ ತಲೆಯ ಮೇಲಿನ ಕಾಂಕ್ರೀಟ್ ಬೆಲ್ಟಿಗೆ, ಬೆಲ್ಟು ಕಂಬದ ಮೂಲಕ ಪಾಯಕ್ಕೆ. ಎಲ್ಲೂ ಕೊಂಡಿ ತಪ್ಪಬಾರದು. ಸೂರಿನಂಚು, ಮೂಲೆ, ಮಾಡಿನ ನೆತ್ತಿಯಲ್ಲಿ ಸ್ಕ್ರೂ ಹತ್ತಿರ ಹತ್ತಿರ ಬರಲಿ, ವಾಷರ್ ಅಗಲದ್ದಿರಲಿ.

ಹೆಂಚು ಪ್ರಿಯ:
ಮಂಗಳೂರು ಹೆಂಚೇ ಹಾಕಬಾರದಾ?

ಸಿವಿಲ್ ಮಾಣಿ:
ಹಾಕಬಹುದು, ಸುಮ್ನೆ ಇಟ್ಟರೆ ಆಗದು. ಹೆಂಚಿನ ಅಡಿಯ ತೂತಿಗೆ ತಂತಿ ಹಾಕಿ ರೀಪಿಗೆ (ಹೆಂಚು ಕೂರುವ ಮರದ ಪಟ್ಟಿ) ಕಟ್ಟಬೇಕು. ಅಂಚಿನ ಸಾಲುಗಳನ್ನಂತೂ ಬಿಡಲೇಬೇಡಿ.

ಕಡಲತಡಿ:
ಹಳೇ ಬೋಲ್ಟೆಲ್ಲ ತುಕ್ಕು ಹಿಡಿದು ಕೈಯಲ್ಲೇ ಮುರಿಯುತ್ತಿತ್ತು.

ಸಿವಿಲ್ ಮಾಣಿ:
ಉಪ್ಪು ಗಾಳಿ! ದಪ್ಪ ಗ್ಯಾಲ್ವನೈಸ್ ಮಾಡಿದ (ಸತುವಿನ ಲೇಪದ) ಬೋಲ್ಟೇ ತನ್ನಿ. ಕಾಂಕ್ರೀಟಿಗೆ ಕಡಲ ಮರಳು, ಉಪ್ಪು ಬಾವಿಯ ನೀರು ಬೇಡ. ಕಾಂಕ್ರೀಟಿನ ಮಾನಕ ಐಎಸ್ 456ರ ಪ್ರಕಾರ ಕರಾವಳಿಯಲ್ಲಿ ಕನಿಷ್ಠ ಎಂ30 (ಬಲದ ದರ್ಜೆ) ಕಾಂಕ್ರೀಟು, ಕಂಬಿಯ ಮೇಲೆ 45 ಮಿ.ಮೀ. ಹೊದಿಕೆ. ಅಲೆಯ ತುಂತುರು ತಾಗುವಲ್ಲಿ ಎಂ35, 50 ಮಿ.ಮೀ.

ಕಡಲತಡಿ:
ಬೆಲ್ಟಿನ ಕಾಂಕ್ರೀಟು ನಾಡಿದ್ದು. ಟ್ರಸ್ಸಿನ ಬೋಲ್ಟು ಆಮೇಲೆ ಕೊರೆದು ಕೂರಿಸ್ತೀನಿ ಅಂತಾರೆ ಮೇಸ್ತ್ರಿ.

ಸಿವಿಲ್ ಮಾಣಿ:
ಬೇಡ. ತುದಿ ಬಗ್ಗಿಸಿದ ಬೋಲ್ಟನ್ನು ಬೆಲ್ಟಿನ ಕಂಬಿಯ ಅಡಿಗೆ ಸಿಕ್ಕಿಸಿ, ಕಟ್ಟಿ, ಆಮೇಲೆ ಕಾಂಕ್ರೀಟು ಸುರಿಯಲಿ. ಸುರಿಯುವ ಮೊದಲು ಫೋಟೋ ಹಾಕಿ, ನೋಡೋಣ.